ಪರದೆಯ ಹಿಂದಿನ ಕನ್ನಡ

ಅರ್ಥವಾಗದ ಭಾಷೆಯಲ್ಲಿ ಯಾರಾದರೂ ನಮ್ಮ ಮುಖ ನೋಡಿಕೊಂಡು ಮಾತಾಡಿದರೆ ನಮ್ಮ ತಲೆ ತಾನಾಗಿಯೇ ಆಡತೊಡಗುತ್ತದೆ, ನೀವೂ ಗಮನಿಸಿರಬಹುದು. ಕಿವಿಗೆ ದಕ್ಕದ್ದನ್ನು ಕುತ್ತಿಗೆ ಸರಿದೂಗಿಸುವ ಈ ಸೌಜನ್ಯಕ್ಕೆ ಶಾಸ್ತ್ರದಲ್ಲಿ ಏನು ಹೆಸರಿದೆಯೋ ನನಗೆ ತಿಳಿಯದು. ದೆಹಲಿಗೆ ಬಂದ ಹೊಸತರಲ್ಲಿ ನಾನು ಹಿಂದಿಗೆ ತಲೆಯಾಡಿಸಿಯೇ ಒಂದು ಇಡೀ ಚಳಿಗಾಲವನ್ನು ದಾಟಿಸಿದ್ದೆ. ಆ ತಲೆಯಾಟದಲ್ಲಿ ಏನೇನು ಕೆಲಸಗಳನ್ನು ಒಪ್ಪಿಕೊಂಡಿದ್ದೆ ಎಂಬುದು ಬೇಸಿಗೆಯಲ್ಲಿ ಒಂದೊಂದಾಗಿ ಹೊರಬಿತ್ತು. ಆದರೆ ಈಗ ಹೇಳಹೊರಟಿರುವುದು ನನ್ನ ತಲೆಯಾಟದ ಸಂಗತಿಯಲ್ಲ, ಇನ್ನೊಬ್ಬರದು. ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅಂದು ಓಖ್ಲಾದ ನಮ್ಮ ಪುಟ್ಟ ಕಂಪನಿಯ ಎರಡನೆಯ ಮಹಡಿಯಲ್ಲಿ, ಒಂದೇ ಮೇಜಿನ ಸುತ್ತ, ನಾವು ನಾಲ್ವರು ಕೂತಿದ್ದೆವು. ಒಂದು ತುದಿಗೆ ಮಾಲಕಿ ವೀಣಾ ಜೀ. ಶಾಲೆಗಳ ಪ್ರಯೋಗಾಲಯಗಳಿಗೆ ಬೀಕರು, ಗಾಜಿನ ನಳಿಗೆ, ಸ್ಪಿರಿಟ್ ದೀಪಗಳನ್ನು ಒದಗಿಸುವ ಈ ವ್ಯಾಪಾರ ಅವರ ಮಾವನವರು ಕಟ್ಟಿದ್ದು. ಅವರ ಬಲಕ್ಕೆ ತನೇಜಾ ಜೀ, ಗಾಜನ್ನು ಒಡೆಯದಂತೆ ಕಟ್ಟಿಸಿ ಊರೂರಿಗೆ ರವಾನಿಸುವ ವಿಭಾಗದ ಮುಖ್ಯಸ್ಥರು, ಮಾವನವರ ಕಾಲದಿಂದಲೂ ಇದ್ದವರು. ಎದುರಿಗೆ ಶಬಾನಾ, ದಾವಣಗೆರೆಯ ಹುಡುಗಿ. ನಮ್ಮ ಕಂಪನಿಯನ್ನು ಹೊಸ ಕಾಲಕ್ಕೆ ಎತ್ತಿ ಕೂರಿಸಲು ಕೆಲವು ತಿಂಗಳ ಮಟ್ಟಿಗೆ ಬಂದ ತಜ್ಞೆ. ಇನ್ನೊಂದು ತುದಿಗೆ ನಾನು, ಮೂರ್ತಿ, ಸಚಿವಾಲಯವೊಂದರ ಕಡತಗಳ ಧೂಳಿನಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಮೇಲೆ, ಮನೆಯಲ್ಲಿ ಹೆಂಡತಿಗೆ ಸಲಹೆ ಕೊಡುವುದನ್ನು ಆಕೆ ನಿಷೇಧಿಸಿದ್ದರಿಂದ, ಇಲ್ಲಿ ಆಡಳಿತ ಸಲಹೆಗಾರನಾಗಿದ್ದವನು. ಮುಖಾಮುಖಿ ಕೂತಿದ್ದ ನಾವು ನಾಲ್ವರೂ, ಪರಸ್ಪರ ಭೇಟಿಯಾಗುವ ಸಲುವಾಗಿ, ನಮ್ಮ ನಮ್ಮ ಲ್ಯಾಪ್‌ಟಾಪುಗಳನ್ನು ಇಣುಕಿ ನೋಡುತ್ತಿದ್ದೆವು. ಅದು ಹೊಸ ವ್ಯವಸ್ಥೆಯ ತಾಲೀಮು. ನಾಲ್ಕು ಮೈಕುಗಳೂ ಒಂದೇ ಕೋಣೆಯಲ್ಲಿ ಒಂದನ್ನೊಂದು ಕೇಳಿಸಿಕೊಂಡು ಊಳಿಡತೊಡಗಿದಾಗ ಶಬಾನಾ ಮೂರನ್ನು ಮುಚ್ಚಿ, ಹಿರಿಯರೆಂಬ ಗೌರವಕ್ಕೆ ನನ್ನದೊಂದನ್ನು ತೆರೆದಿಟ್ಟಳು. ವಿಧಿ ಎಷ್ಟು ವಿನಯದಿಂದ ಬರುತ್ತದೆ ನೋಡಿ.

ಅದುವರೆಗೆ ನಮ್ಮ ಕಂಪನಿ ನಡೆಯುತ್ತಿದ್ದ ಪರಿಯೇ ಬೇರೆ. ಆರ್ಡರು ಒಬ್ಬರ ಫೋನಿನ ಸಂದೇಶದಲ್ಲಿ, ದರಪಟ್ಟಿ ಇನ್ನೊಬ್ಬರ ಪೆನ್‌ಡ್ರೈವಿನಲ್ಲಿ, ಯಾರು ಯಾವಾಗ ರಜೆ ಎಂಬುದು ವೀಣಾ ಜೀಯವರ ನೆನಪಿನಲ್ಲಿ, ಯಾವ ಟೆಂಪೋ ಎಲ್ಲಿದೆ ಎಂಬುದು ತನೇಜಾರ ತಲೆಯಲ್ಲಿ. ಒಂದೇ ಕಾಗದಕ್ಕೆ ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’ ಎಂದು ಅವತಾರಗಳಿದ್ದವು. ಕಡೆಗೆ ಗಿರಾಕಿಗೆ ಹೋಗುತ್ತಿದ್ದುದು ಯಾವ ಹೆಸರೂ ಇಲ್ಲದ ನಾಲ್ಕನೆಯದು. ಶಬಾನಾ ತಂದ ವ್ಯವಸ್ಥೆಯಲ್ಲಿ ಇವೆಲ್ಲ ಒಂದೇ ಸೂರಿನಡಿ: ಮಾತುಕತೆ, ಕಡತ, ದಿನದರ್ಶಿ, ಸಭೆ, ರಜೆ, ಕೆಲಸದ ಹಂಚಿಕೆ. ಸಭೆಯಲ್ಲಿ ಆಡಿದ ಮಾತನ್ನು ಅದೇ ಕೇಳಿಸಿಕೊಳ್ಳುತ್ತದೆ, ಅದೇ ನಡಾವಳಿ ಬರೆಯುತ್ತದೆ, ನಡಾವಳಿಯಲ್ಲಿ ಕಂಡ ಕೆಲಸವನ್ನು ದಿನದರ್ಶಿಗೆ ಏರಿಸುತ್ತದೆ, ದಿನದರ್ಶಿಯಿಂದ ಎಲ್ಲರ ಫೋನಿಗೆ ಇಳಿಸುತ್ತದೆ.

“ಒಂದು ಕಡೆ ಹೇಳಿದ್ರ ಸಾಕ್ರೀ ಅಂಕಲ್, ಎಲ್ಲಾ ಕಡೆ ಗೊತ್ತಾಗ್ತೈತಿ,” ಎಂದು ಶಬಾನಾ ಹೇಳಿದಾಗ ನಾನು ಅದನ್ನು ಗುಣವೆಂದೇ ತಿಳಿದೆ. ದೊಡ್ಡ ಅಧಿಕಾರಿಗಳು ಆಡಿದ ಮಾತುಗಳಿಂದ ಆಡಬಾರದಿದ್ದುದನ್ನೆಲ್ಲ ಸೋಸಿ ನಡಾವಳಿ ಬರೆಯುವುದರಲ್ಲೇ ತಲೆ ನರೆಸಿಕೊಂಡವನಿಗೆ, ಸೋಸುವುದನ್ನರಿಯದ ಯಂತ್ರವೊಂದು ಬಂದು ಕೂತಿದೆ ಎಂಬುದು ಹೊಳೆಯಬೇಕಾಗಿತ್ತು.

ಹೊಳೆಯಲಿಲ್ಲ, ಯಾಕೆಂದರೆ ಆಗ ನಾನು ಭಾಷಾಭಿಮಾನದಲ್ಲಿ ಮುಳುಗಿದ್ದೆ. ಯಂತ್ರಕ್ಕೆ ಯಾವ ಯಾವ ಭಾಷೆ ತಿಳಿಯಬೇಕೆಂದು ಗುರುತು ಹಾಕುವ ಜಾಗದಲ್ಲಿ ಶಬಾನಾ ಹಿಂದಿಯನ್ನೂ ಇಂಗ್ಲಿಷನ್ನೂ ಒತ್ತಿ ಮುಂದೆ ಹೋಗುತ್ತಿದ್ದಳು.

“ಕನ್ನಡ ಇಲ್ಲವೇನಮ್ಮ?”

“ಐತ್ರೀ. ಆದ್ರ ಇಲ್ಲಿ ಯಾರಿಗೆ ಬೇಕು ಅಂಕಲ್? ನಾನು, ನೀವು, ಇಬ್ರೇ.”

ನಾನು ಬಿಡುವವನೇ? ನವೆಂಬರಿನಲ್ಲಿ ಕನ್ನಡ ಕೂಟದ ವೇದಿಕೆಯಲ್ಲಿ ಮಾಡುವ ಭಾಷಣದ ಸಾರವನ್ನು ಅವಳೊಬ್ಬಳಿಗೇ ಮಾಡಿದೆ. ಇಬ್ಬರಿದ್ದರೂ ಭಾಷೆ ಭಾಷೆಯೇ ಎಂದೆ. ಓಖ್ಲಾದ ಯಂತ್ರವೂ ಕನ್ನಡ ಕೇಳಲಿ ಎಂದೆ. ಭಾಷಣ ಬೇಗ ಮುಗಿಯಲೆಂದೋ ಏನೋ ಅವಳು ಕನ್ನಡಕ್ಕೂ ಗುರುತು ಒತ್ತಿದಳು. ನಾನು ಧನ್ಯನಾದೆ, ಮತ್ತು ಎಲ್ಲ ಅಭಿಮಾನಿಗಳ ಹಾಗೆ ಮಧ್ಯಾಹ್ನದ ಹೊತ್ತಿಗೆ ಮರೆತೆ.

ಮರೆಯಲು ಕಾರಣವಿತ್ತು. ದೆಹಲಿಯಲ್ಲಿ ನನ್ನ ಪಾಲಿಗೆ ಕನ್ನಡವೆಂದರೆ ಪರದೆ. ಸರೋಜಿನಿ ನಗರದ ಸಂತೆಯಲ್ಲಿ ಅಂಗಡಿಯ ಭಯ್ಯಾನ ಎದುರಿಗೇ ನನ್ನ ಹೆಂಡತಿ ಸುಶೀಲೆ, “ಮುಖ ಗಂಟು ಹಾಕ್ಕೊಂಡು ಮುಂದೆ ನಡೀರಿ, ಕರೀತಾನೆ,” ಎನ್ನುವಳು, ನಾನು ಗಂಟು ಹಾಕಿಕೊಂಡು ನಡೆಯುವೆನು, ಅವನು ಕರೆಯುವನು. ಮೆಟ್ರೋದಲ್ಲಿ ಎದುರು ಕೂತವರ ಮೂಗು, ಮದುವೆಮನೆಯಲ್ಲಿ ಪಂಜಾಬಿ ನೆರೆಯವರ ಒಡವೆ, ಮೇಲಧಿಕಾರಿಯ ಬುದ್ಧಿಮಟ್ಟ, ಎಲ್ಲವನ್ನೂ ನಾವು ಅವರವರ ಸಮಕ್ಷಮದಲ್ಲೇ, ಸುಸ್ವರದಲ್ಲಿ, ಮಂದಹಾಸ ಬೀರುತ್ತ ವಿಮರ್ಶಿಸಿದ್ದೇವೆ. ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಒಮ್ಮೆ ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದ ಅತಿಥಿಗೃಹದ ಊಟದ ಕೋಣೆಯಲ್ಲಿ, ಪಕ್ಕದ ಮೇಜಿನ ಮಹನೀಯರೊಬ್ಬರು ಬಿಸಿಬೇಳೆಬಾತಿನ ಮೇಲೆ ನಡೆಸಿದ್ದ ದಂಡಯಾತ್ರೆಯನ್ನು ನಾನು ಗಟ್ಟಿಯಾಗಿ ಬಣ್ಣಿಸಿದೆ. ಇಡೀ ಕೋಣೆ ತಿರುಗಿ ನೋಡಿತು. ಮಹನೀಯರು ಚಮಚ ಕೆಳಗಿಟ್ಟರು. ಪರದೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆಂದು ಆಗ ತಿಳಿಯಿತು. ತಿಳಿದದ್ದು ಉಳಿಯಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಮೇಜಿನಲ್ಲಿ ಪರದೆ ಇದ್ದದ್ದು ನನಗೊಬ್ಬನಿಗೇ ಅಲ್ಲ. ವೀಣಾ ಜೀ ಮತ್ತು ತನೇಜಾ ಇಬ್ಬರ ಮನೆತನದವರೂ ದೇಶ ಒಡೆದಾಗ ಮುಲ್ತಾನಿನಿಂದ ಬಂದವರು. ಮನೆಯ ಮಾತು ಬಂದರೆ ಇಬ್ಬರೂ ಹಿಂದಿಯನ್ನು ಬಿಟ್ಟು ತಮ್ಮ ಹಿರಿಯರ ಮುಲ್ತಾನಿಗೆ ಜಾರುತ್ತಿದ್ದರು. ಆಗ ನಾನು ತಲೆಯಾಡಿಸುತ್ತಿದ್ದೆ.

ಇನ್ನು ತನೇಜಾರ ಬಗ್ಗೆ. ಯಮುನೆಯ ಆಚೆ ಮಯೂರ ವಿಹಾರದಲ್ಲಿ ನಮ್ಮಿಬ್ಬರ ಮನೆ ಹತ್ತಿರ ಹತ್ತಿರ. ನಾನು ಈ ಕಂಪನಿಗೆ ಸೇರಿದ ದಿನದಿಂದ ಬೆಳಿಗ್ಗೆ ನನ್ನ ಗೇಟಿನ ಮುಂದೆ ಅವರ ಹಳೆಯ ಕಾರು ಬಂದು ನಿಲ್ಲುತ್ತದೆ, ಸಂಜೆ ಅಲ್ಲೇ ಬಿಡುತ್ತದೆ. ಕಾರಿನಲ್ಲಿ ಅವರು ತಮ್ಮ ಭಾವ ಕರ್ನಲ್ ಸಾಹೇಬರ ಕಥೆ ಹೇಳುತ್ತಾರೆ. ಜಬಲ್ಪುರದಲ್ಲಿ ಕರ್ನಲರಿದ್ದ ಬಂಗಲೆಯ ಸ್ನಾನದ ಮನೆಗೆ ಮಳೆಗಾಲದಲ್ಲೊಂದು ಮೊಸಳೆ ಬಂದು ಸೇರಿಕೊಂಡದ್ದು, ಕರ್ನಲರು ಸೋಪು ಹಚ್ಚಿಕೊಂಡ ಸ್ಥಿತಿಯಲ್ಲಿ ಅದನ್ನು ಎದುರಿಸಿದ್ದು. ದಾರಿಯಲ್ಲಿ ಆಶ್ರಮ ಎಂಬ ಹೆಸರಿನ ಚೌಕದಲ್ಲಿ ವಾಹನಗಳ ಸಾಲು ಉದ್ದವಾದಷ್ಟೂ ಮೊಸಳೆ ಉದ್ದವಾಗುತ್ತಿತ್ತು. ಹಬ್ಬದ ಮುಂಚಿನ ದಿನಗಳಲ್ಲಿ ಅದರ ಬಾಲ ಸ್ನಾನದ ಮನೆಯಿಂದಾಚೆ, ವರಾಂಡದಲ್ಲೇ ಇರುತ್ತಿತ್ತು.

ತಾಲೀಮಿನ ಆ ದಿನ ತನೇಜಾರಿಗೆ ಹೊಸ ವ್ಯವಸ್ಥೆ ಕೈಹತ್ತಲಿಲ್ಲ. ಒತ್ತಿದ ಸಂದೇಶ ಎಲ್ಲಿಗೆ ಹೋಯಿತು ಎಂದು ಮತ್ತೆ ಮತ್ತೆ ಕೇಳಿದರು. ಒಮ್ಮೆ ಮೇಜಿನ ಕೆಳಗೂ ನೋಡಿದರು. ವೀಣಾ ಜೀ ನನ್ನತ್ತ ತಿರುಗಿ, ರವಾನೆಯ ಹೊಣೆ ಇನ್ನು ಮುಂದೆ ಪೂರ್ತಿ ಈ ವ್ಯವಸ್ಥೆಯಲ್ಲೇ ನಡೆಯಬೇಕಲ್ಲ, ತನೇಜಾ ಜೀ ನಿಭಾಯಿಸಬಲ್ಲರೇ ಎಂದು ಹಿಂದಿಯಲ್ಲಿ ಕೇಳಿದರು. ತನೇಜಾ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹಿಂದಿಯಲ್ಲಿ, “ಬಿಲ್ಕುಲ್, ನಾನೇ ಕಲಿಸುತ್ತೇನೆ,” ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವಿರುತ್ತಿರಲಿಲ್ಲ. ಎದುರಿಗೆ ಕನ್ನಡ ಬಲ್ಲ ಕಿವಿಯೊಂದಿತ್ತು. ಬಹುದಿನದ ಮೇಲೆ ಸಿಕ್ಕ ಶ್ರೋತೃವನ್ನು ನಗಿಸುವ ಚಪಲಕ್ಕೆ, ತನೇಜಾರತ್ತ ನಗುಮೊಗ ಬೀರುತ್ತಲೇ, ಶಬಾನಾಗೆ ಹೇಳಿದೆ:

“ಇವರ ತಲೆಗೆ ಇದು ಹತ್ತೋದು ಅಷ್ಟರಲ್ಲೇ ಇದೆ ಕಣಮ್ಮ. ದಿನಾ ಕಾರಲ್ಲಿ ಅದೇ ಭಾವ, ಅದೇ ಮೊಸಳೆ. ನನಗೀಗ ಮೊಸಳೇದೇ ಕನಸು. ಇವರನ್ನ ಮನೇಲಿ ಕೂರಿಸಿ ಮೊಮ್ಮಕ್ಕಳನ್ನ ಆಡಿಸಿ ಅಂತ ಬಿಟ್ಟರೆ ಕಂಪನಿಗೂ ಕ್ಷೇಮ, ಕಾರಲ್ಲಿ ಕೂರೋರಿಗೂ ಕ್ಷೇಮ.”

ಶಬಾನಾ ನಗಲಿಲ್ಲ. ತುಟಿ ಬಿಗಿದು, ಕಣ್ಣಿನಲ್ಲಿ ನನ್ನ ಲ್ಯಾಪ್‌ಟಾಪನ್ನೇ ತೋರಿಸಿದಳು. ಪಾಪ, ನಗು ತಡೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ತನೇಜಾ ನನ್ನ ನಗುವನ್ನು ನೋಡಿ ತಾವೂ ನಕ್ಕು, ತೃಪ್ತಿಯಿಂದ ತಲೆಯಾಡಿಸಿದರು. “ತಾರೀಫ್ ಹೋ ರಹೀ ಹೈ ಮೇರೀ,” ಎಂದು ವೀಣಾ ಜೀಗೆ ಹೇಳಿದರು. ನನ್ನ ಹೊಗಳಿಕೆ ನಡೆಯುತ್ತಿದೆ ಎಂದು.

ಸಂಜೆ ಕಾರು ಆಶ್ರಮದ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾಗ ನಮ್ಮಿಬ್ಬರ ಫೋನೂ ಒಟ್ಟಿಗೇ ಟಿಣ್ ಎಂದವು. ತನೇಜಾ ಸ್ಟಿಯರಿಂಗ್ ಬಿಡದೆ, “ನೋಡಿ ಮೂರ್ತಿ ಜೀ, ಏನು ಬಂತು?” ಎಂದರು. ನೋಡಿದೆ. ನಡಾವಳಿ ಬಂದಿತ್ತು, ಶುದ್ಧ ಇಂಗ್ಲಿಷಿನಲ್ಲಿ, ಕೆಳಗೆ ಹಿಂದಿಯಲ್ಲಿ. ನಿರ್ಣಯ: ಶ್ರೀ ತನೇಜಾ ಅವರಿಗೆ ಶ್ರೀ ಮೂರ್ತಿ ತರಬೇತಿ ನೀಡತಕ್ಕದ್ದು. ಕಳವಳ: ಶ್ರೀ ತನೇಜಾ ಇದನ್ನು ಕಲಿಯುವ ಸಂಭವ ಕಡಿಮೆಯೆಂದು ಶ್ರೀ ಮೂರ್ತಿಯವರ ಅಭಿಪ್ರಾಯ; ಕಂಪನಿಯ ಹಾಗೂ ಕಾರಿನ ಸಹಪ್ರಯಾಣಿಕರ ಹಿತದೃಷ್ಟಿಯಿಂದ ಅವರು ಮನೆಯಲ್ಲಿದ್ದು ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಸೂಕ್ತವೆಂದು ಶಿಫಾರಸು; ಮೊಸಳೆಯ ವಿಷಯ ಪುನರಾವರ್ತನೆಯಾಗುತ್ತಿದೆ. ಮುಂದಿನ ಕ್ರಮ: ಶ್ರೀ ತನೇಜಾ ಅವರ ಮುಂದುವರಿಕೆಯ ಬಗ್ಗೆ ಶುಕ್ರವಾರ ವೀಣಾ ಜೀ ತೀರ್ಮಾನಿಸತಕ್ಕದ್ದು. ಅದಾಗಲೇ ದಿನದರ್ಶಿಗೆ ಏರಿ, ಎಲ್ಲರಿಗೂ ಜ್ಞಾಪನೆ ಹೋಗಿತ್ತು. ಬಾಯಿಂದ ಬಿದ್ದ ಮಾತು ಬಿದ್ದಲ್ಲೇ ಸಾಯುತ್ತಿದ್ದ ಹಳೆಯ ಅವ್ಯವಸ್ಥೆ ಎಂಥ ಕರುಣಾಮಯಿ ಎಂದು ಆ ಕ್ಷಣ ನನಗೆ ಅರಿವಾಯಿತು.

“ಏನಿಲ್ಲ ತನೇಜಾ ಜೀ, ಮೀಟಿಂಗಿನದೇ,” ಎಂದೆ.

“ಅಚ್ಛಾ,” ಎಂದು ಅವರು ಮೊಸಳೆಯ ಕಥೆ ಮುಂದುವರಿಸಿದರು. ಅಂದು ಸಾಲು ಬಹಳ ಉದ್ದವಿತ್ತು.

ಮನೆಯಲ್ಲಿ ಹೇಳಿಕೊಂಡೆ. ಸುಶೀಲೆ ಫ್ರಿಜ್ಜಿನ ಬಾಗಿಲು ತೆರೆದು, ತನೇಜಾರ ಹೆಂಡತಿ ಕಳಿಸಿದ್ದ ಗಾಜರ್ ಹಲ್ವಾದ ಡಬ್ಬಿಯನ್ನು ನನ್ನೆದುರು ಇಟ್ಟು ಒಳಗೆ ಹೋದಳು. ದೆಹಲಿಯಲ್ಲೇ ಬೆಳೆದ ಮಗಳು ಮೇಧಾ, ಕನ್ನಡ ಅರ್ಥವಾದಷ್ಟು ಆಡಲು ಬಾರದವಳು, ಸೋಫಾದಿಂದಲೇ ಹೇಳಿದಳು: “ಅಪ್ಪಾ, ನೀವು ಹಿಂದೀಲಿ ಕಿತ್ನೇ ಅಚ್ಛೇ ಆದ್ಮೀ. ಎಲ್ಲರಿಗೂ ಜೀ, ಎಲ್ಲರಿಗೂ ಆಪ್. ಕನ್ನಡದಲ್ಲಿ ಮಾತ್ರ ಯು ಆರ್ ಸೋ ಮೀನ್. ನಾನು ಚಿಕ್ಕೋಳಿದ್ದಾಗ ಕನ್ನಡ ಅಂದ್ರೆ ಬೈಯೋ ಭಾಷೆ ಅಂತಾನೇ ಅಂದ್ಕೊಂಡಿದ್ದೆ.”

ಯಂತ್ರ ಬರೆದದ್ದಕ್ಕಿಂತ ಇದು ಆಳಕ್ಕೆ ಇಳಿಯಿತು. ನಂಜನಗೂಡಿನಲ್ಲಿ ನನಗೆ ಮಾತು ಕಲಿಸಿದ್ದು ಅಜ್ಜಿ. ಅಕ್ಕಿ ಆರಿಸುತ್ತ, ಬತ್ತಿ ಹೊಸೆಯುತ್ತ, ಬೆಕ್ಕನ್ನು ಗದರುವಾಗಲೂ “ಹೋಗಪ್ಪ, ದೊಡ್ಡವನೇ” ಎನ್ನುತ್ತಿದ್ದ ಹೆಂಗಸು. ಇದ್ದವರ ಬಗ್ಗೆ ಇದ್ದಹಾಗೇ ಆಡುತ್ತಿದ್ದಳು, ಆದರೆ ಅವರು ಎದುರಿಗೆ ಕೂತು ಕೇಳಬಹುದಾದ ಹಾಗೆ ಆಡುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಮಾರನೆಯ ದಿನ ಮತ್ತೆ ಬರುತ್ತಿದ್ದರು. ಆ ಮಾತನ್ನು ನಾನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಲ್ಲಿಗೆ ತಂದೆ, ಮತ್ತು ಏನು ಮಾಡಿದೆ? ಬೆಳಿಗ್ಗೆ ಸ್ನಾನ ಮಾಡುತ್ತ ದೇವರನ್ನು ಹೊಗಳಲು, ಉಳಿದ ಹೊತ್ತು ಮನುಷ್ಯರನ್ನು ತೆಗಳಲು ಬಳಸಿದೆ. ವೇದಿಕೆಯ ಮೇಲೆ ಕಸ್ತೂರಿ ಎಂದು ಕರೆದದ್ದನ್ನು ಕೆಳಗಿಳಿದ ಕೂಡಲೇ ಕಲ್ಲು ಮಾಡಿ ಎಸೆದೆ, ಅದೂ ಎಸೆದವನು ಕಾಣದ ಹಾಗೆ. ನನ್ನ ಮಗಳಿಗೆ ಆ ಭಾಷೆ ಬಾಯಿಗೆ ಬರಲಿಲ್ಲವೇಕೆ ಎಂದು ಕೂಟದಲ್ಲಿ ಕೊರಗಿದ್ದೇನೆ. ಅವಳಿಗೆ ಕೇಳಿಸಿದ್ದೇ ಅದಾಗಿದ್ದರೆ ಬಾಯಿಗೆ ಯಾಕಾದರೂ ತಂದುಕೊಳ್ಳಬೇಕು?

ಮಾರನೆಯ ಬೆಳಿಗ್ಗೆ ಕಾರು ಬರುವುದಿಲ್ಲವೆಂದೇ ಎಣಿಸಿ ಆಟೋ ಹುಡುಕಲು ಬೇಗ ಕೆಳಗಿಳಿದೆ. ಕಾರು ಬಂತು. ಎಂದಿನ ಹೊತ್ತಿಗೆ, ಎಂದಿನ ಜಾಗಕ್ಕೆ. ಬಾಗಿಲು ತೆರೆದು ಕೂತೆ. “ನಮಸ್ತೆ ಮೂರ್ತಿ ಜೀ,” ಎಂದರು ತನೇಜಾ, ಮತ್ತು ರೇಡಿಯೋ ಹಾಕಿದರು. ಕಾರು ಬಂದಿತ್ತು, ಮೊಸಳೆ ಬರಲಿಲ್ಲ. ಯಮುನೆಯನ್ನು ದಾಟುವಾಗ ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಧ್ವನಿಯನ್ನು ತುಸು ಏರಿಸಿದರು. ಗುರುವಾರವೂ ಹಾಗೆಯೇ. ಬೈದಿದ್ದರೆ ಹಗುರಾಗುತ್ತಿದ್ದೆ. ನನಗೆ ಹಗುರಾಗುವ ಸೌಕರ್ಯವನ್ನು ಒದಗಿಸುವ ಇರಾದೆ ಅವರಿಗಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಶುಕ್ರವಾರ ಅದೇ ಮೇಜು, ಅದೇ ನಾಲ್ವರು. ಯಾರೂ ಕರೆಯದೆ ದಿನದರ್ಶಿಯೇ ನಮ್ಮನ್ನು ಕರೆದು ಕೂರಿಸಿತ್ತು. ವೀಣಾ ಜೀ ಮಾತಾಡುವ ಮೊದಲೇ ತನೇಜಾ, “ಮೇಡಂ, ಮೂರ್ತಿ ಜೀ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನನಗೆ ಇದು ಬರುತ್ತಿಲ್ಲ. ಮುಂದಿನ ತಿಂಗಳಿಂದ ಮನೆಯಲ್ಲಿರುತ್ತೇನೆ,” ಎಂದರು, ಮೇಜಿನ ಅಂಚನ್ನು ಬೆರಳಿಂದ ಸವರುತ್ತ. ವೀಣಾ ಜೀ ನನ್ನತ್ತ ನೋಡಿದರು. ಅವರ ಮಾವನವರ ಕಾಲದ ಮನುಷ್ಯ ಹೋಗಲಿ ಎಂದು ಅವರಿಗಿರಲಿಲ್ಲ. ಆದರೆ ತಡೆಯಲು ಅವರ ಕೈಗೊಂದು ಮಾತು ಬೇಕಾಗಿತ್ತು, ಆ ಮಾತನ್ನು ಕೊಡಬೇಕಾದವನು ನಾನು.

ಹಿಂದಿಯಲ್ಲಿ ಆರಂಭಿಸಿದೆ. “ಮುಝೇ ಅತ್ಯಂತ ಖೇದ ಹೈ...” ಎಂದೆ. ರೈಲು ತಡವಾದಾಗ ನಿಲ್ದಾಣದಲ್ಲಿ ಕೇಳಿಬರುವ ವಿಷಾದದಂತಿತ್ತು. ನಿಲ್ಲಿಸಿದೆ. ಅಷ್ಟು ವರ್ಷಗಳ ಹಿಂದಿಯಲ್ಲಿ ನನಗೆ ಸುತ್ತೋಲೆ ಹೊರಡಿಸಲು ಬರುತ್ತಿತ್ತು, ನಾಚಿಕೆಪಡಲು ಬರುತ್ತಿರಲಿಲ್ಲ. ಶಬಾನಾಗೆ, “ಯಂತ್ರ ಕೇಳ್ತಿದೆಯೇನಮ್ಮ?” ಎಂದೆ. “ಕೇಳ್ತೈತ್ರೀ,” ಎಂದಳು. ತನೇಜಾರತ್ತ ತಿರುಗಿ ಕನ್ನಡದಲ್ಲೇ ಹೇಳಿದೆ:

“ತನೇಜಾ ಅವರೇ, ನಿಮ್ಮ ಕಾರಲ್ಲಿ ಕೂತು ಬಂದು, ನಿಮ್ಮ ಮನೆ ಹಲ್ವಾ ತಿಂದು, ನಿಮ್ಮ ಮುಖ ನೋಡಿ ನಗ್ತಾ ಆ ಮಾತು ಆಡಿದೆ. ಅದು ತಪ್ಪು ಅನ್ನೋದಕ್ಕಿಂತ ಹೊಲಸು. ನಿಮಗೆ ಇದು ಬರೋಲ್ಲ ಅಂದೆನಲ್ಲ, ನನಗೂ ಬರೋಲ್ಲ. ಈ ಹುಡುಗಿ ಒತ್ತು ಅಂದದ್ದನ್ನ ಒತ್ತುತೀನಿ ಅಷ್ಟೆ. ನೀವು ಗೊತ್ತಿಲ್ಲ ಅಂತ ಕೇಳ್ತೀರಿ, ನಾನು ಕೇಳೋದಿಲ್ಲ. ನೀವು ಮನೆಗೆ ಹೋಗೋದಾದರೆ ನಾನೂ ಹೊರಟೆ. ಇದ್ದರೆ ಇಬ್ಬರೂ ಪಕ್ಕಪಕ್ಕ ಕೂತು ಕಲಿಯೋಣ.”

ತನೇಜಾ ಈ ಸಲ ತಲೆಯಾಡಿಸಲಿಲ್ಲ. ನನ್ನ ಬಾಯನ್ನು ನೋಡಲೂ ಇಲ್ಲ. ಪರದೆಯನ್ನು ನೋಡುತ್ತ ಕಾದರು. ನಾಲ್ವರೂ ಕಾದೆವು. ಕಡೆಗೆ ನಾಲ್ಕು ಫೋನೂ ಟಿಣ್ ಎಂದವು. ಅವರು ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ ಹಿಂದಿಯ ಭಾಗವನ್ನು ಪೂರ್ತಿ ಓದಿದರು. ಶ್ರೀ ಮೂರ್ತಿ ಕ್ಷಮೆ ಕೋರಿದರು. ತಮಗೂ ವ್ಯವಸ್ಥೆ ತಿಳಿಯದೆಂದು ಶ್ರೀ ಮೂರ್ತಿ ಪ್ರಕಟಿಸಿದರು. ಮುಂದಿನ ಕ್ರಮ: ಶ್ರೀ ತನೇಜಾ ಹಾಗೂ ಶ್ರೀ ಮೂರ್ತಿ ಇಬ್ಬರಿಗೂ ಶಬಾನಾ ತರಬೇತಿ ನೀಡತಕ್ಕದ್ದು, ಸೋಮವಾರ, ಬೆಳಿಗ್ಗೆ.

“ಕ್ರಮ ಬಂದಾಯಿತಲ್ಲ,” ಎಂದು ವೀಣಾ ಜೀ ಎದ್ದರು. “ಇನ್ನು ನಾನೇನು ತೀರ್ಮಾನಿಸಲಿ. ಚಲೋ, ಚಾಯ್ ಹೇಳಿ.”

ಸೋಮವಾರದಿಂದ ನಾವಿಬ್ಬರೂ ಒಂದೇ ಬೆಂಚಿನ ಹುಡುಗರಾದೆವು. ಶಬಾನಾ ಇಬ್ಬರನ್ನೂ ಸಮನಾಗಿ ಗದರಿದಳು. ತನೇಜಾ ಕಲಿತರು, ನನಗಿಂತ ತುಸು ಮುಂಚೆಯೇ. ಟೆಂಪೋಗಳು ಅವರ ತಲೆಯಿಂದ ಇಳಿದು ಪರದೆಯ ಮೇಲೆ ಓಡಾಡತೊಡಗಿದವು. ಎಲ್ಲ ಸರಿಹೋಯಿತು ಎನ್ನಬಹುದು, ಕಾರಿನೊಳಗೆ ರೇಡಿಯೋ ಒಂದು ಬಿಟ್ಟು. ಅದು ಬೆಳಿಗ್ಗೆಯೂ ಹಾಡುತ್ತಿತ್ತು, ಸಂಜೆಯೂ ಹಾಡುತ್ತಿತ್ತು.

ಶಬಾನಾಳ ಕೆಲಸ ಮುಗಿದು ಅವಳು ಹೊರಡುವ ದಿನ ಕೊನೆಯ ಸಭೆ ಸೇರಿತ್ತು. ಮುಗಿಯುವ ಹೊತ್ತಿಗೆ ತನೇಜಾ ನನ್ನ ಮುಖವನ್ನೇ ನೋಡಿಕೊಂಡು, ನಗುತ್ತ, ವೀಣಾ ಜೀಗೆ ಮುಲ್ತಾನಿಯಲ್ಲಿ ಏನೋ ಹೇಳಿದರು. ಸಾಕಷ್ಟು ಉದ್ದವಾಗಿಯೇ ಹೇಳಿದರು. ವೀಣಾ ಜೀ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ತಲೆಯಾಡಿಸಿದೆ. “ತಾರೀಫೇ ಇರಬೇಕು,” ಎಂದೆ. ಬಂದ ನಡಾವಳಿಯಲ್ಲಿ ಆ ಮಾತಿನ ಜಾಗ ಖಾಲಿಯಿತ್ತು; ಯಂತ್ರಕ್ಕೆ ಆ ಭಾಷೆ ತಿಳಿಯದು. ಬೇಕಾದರೆ ಹುಡುಕಿ ಸೇರಿಸಬಹುದು ಎಂದು ಶಬಾನಾ ಹೇಳಿದಳು. ಬೇಡಮ್ಮ, ಇರಲಿ ಎಂದೆ.

ಆ ಸಂಜೆ ಆಶ್ರಮದ ಸಾಲಿನಲ್ಲಿ ತನೇಜಾ ರೇಡಿಯೋ ಆರಿಸಿದರು. ಮುಂದಿನ ಬಸ್ಸಿನ ಹಿಂಭಾಗವನ್ನು ನೋಡಿದರು. ಆಮೇಲೆ, ತಮ್ಮ ಭಾವ ಜಬಲ್ಪುರದಲ್ಲಿದ್ದಾಗ ಸ್ನಾನದ ಮನೆಗೆ ಮೊಸಳೆ ಬಂದಿತ್ತು ಎಂದರು. ಈ ಸಲ ಮೊಸಳೆ ಚಿಕ್ಕದಿತ್ತು, ಬಕೆಟ್ಟಿನ ಹಿಂದೆ ಅಡಗುವಷ್ಟು.

“ಇನ್ನೂ ದೊಡ್ಡದಿತ್ತಲ್ಲ ತನೇಜಾ ಜೀ,” ಎಂದೆ ಹಿಂದಿಯಲ್ಲಿ. “ಬಾಲ ವರಾಂಡದಲ್ಲಿತ್ತು.”

ಅವರು ಗೇರು ಬದಲಿಸಿದರು. ಬಸ್ಸು ಒಂದಿಷ್ಟು ಮುಂದೆ ಸರಿಯಿತು, ನಾವೂ ಸರಿದೆವು. ಆಮೇಲೆ ಅವರು ತಲೆಯಾಡಿಸಿದರು.